ಜಳಕದ ನೀರಿಗೆ ಹೀಟ್ ಪಂಪ್: ಯಾರಿಗೆ ಬೇಕು, ಯಾರ ಕೈಲಿ ಹಾಕಿಸಬೇಕು

ಹಾವೇರಿ ಜಿಲ್ಲೆಯ ದೇವರಗುಡ್ಡದ ಸೀಮೆಯಲ್ಲಿ ಮನೆ ಬೆಚ್ಚಗಿಡಲು ಯಾರೂ ಯಂತ್ರ ಕೊಳ್ಳುವುದಿಲ್ಲ. ಮಾಗಿಯ ಬೆಳಗುಗಳಿಗೆ ಒಂದು ಕಂಬಳಿ ಸಾಕು; ಬೇಸಿಗೆ ಬಂತೆಂದರೆ ಮನೆಯನ್ನು ತಂಪಾಗಿಡುವುದೇ ಚಿಂತೆ. ಹೀಗಾಗಿ ರಾಣೆಬೆನ್ನೂರಿನ ಅಂಗಡಿಯವರು ಇತ್ತೀಚೆಗೆ 'ಹೀಟ್ ಪಂಪ್ ಬಂದೈತ್ರಿ' ಎನ್ನುತ್ತಿರುವುದು ಯುರೋಪಿನವರು ಮನೆ ಕಾಯಿಸಲು ಹಾಕಿಸುವ ಯಂತ್ರದ ಬಗ್ಗೆ ಅಲ್ಲ, ಜಳಕದ ನೀರು ಕಾಯಿಸುವ ಯಂತ್ರದ ಬಗ್ಗೆ. ಉದ್ದನೆಯ ಬಿಳಿ ಟ್ಯಾಂಕು, ಅದರ ತಲೆಯ ಮೇಲೆ ಫ್ಯಾನು, ಕಂಪ್ರೆಸರ್. ಗೀಸರಿನ ಮೂರನೇ ಒಂದು ಪಾಲು ಕರೆಂಟಿನಲ್ಲಿ ಅಷ್ಟೇ ನೀರು ಕಾಯುತ್ತದೆ ಎನ್ನುತ್ತಾರೆ. ಆ ಮಾತು ಬಹುಮಟ್ಟಿಗೆ ನಿಜ. ಆದರೆ ಅದು ನಿಮ್ಮ ಮನೆಗೆ ಲಾಭವೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ. ನಿಮ್ಮ ಬಕೆಟ್ಟುಗಳ ಲೆಕ್ಕದಲ್ಲಿ, ಹೆಸ್ಕಾಂ ಬಿಲ್ಲಿನಲ್ಲಿ, ಯಂತ್ರ ಕೆಟ್ಟ ದಿನ ಬಾಗಿಲಿಗೆ ಬರುವ ಮನುಷ್ಯನಲ್ಲಿ ಸಿಗುತ್ತದೆ.

ಬ್ಯಾಡಗಿಯವರಿಗೆ ಈ ಯಂತ್ರದ ಒಳಗುಟ್ಟು ಹೊಸದೇನಲ್ಲ. ಮೆಣಸಿನಕಾಯಿ ಚೀಲಗಳನ್ನು ಪೇರಿಸಿಡುವ ಕೋಲ್ಡ್ ಸ್ಟೋರೇಜುಗಳು ಮಾಡುವ ಕೆಲಸವೂ ಇದೇ. ಅಲ್ಲಿ ಕಂಪ್ರೆಸರು ಒಳಗಿನ ಶಾಖವನ್ನು ಹೀರಿ ಹೊರಗೆ ಚೆಲ್ಲುತ್ತದೆ; ಹೀಟ್ ಪಂಪಿನಲ್ಲಿ ಹೊರಗಾಳಿಯ ಶಾಖವನ್ನು ಹೀರಿ ನೀರಿಗೆ ತುಂಬುತ್ತದೆ. ಗೀಸರಿನ ಕಾಯಿಲ್ ಕರೆಂಟನ್ನೇ ಶಾಖವಾಗಿ ಮಾರ್ಪಡಿಸಬೇಕು, ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ, ಅದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ಹೀಟ್ ಪಂಪು ಶಾಖವನ್ನು ತಯಾರಿಸುವುದಿಲ್ಲ, ಗಾಳಿಯಲ್ಲಿ ಇರುವುದನ್ನು ಎತ್ತಿ ತರುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಶಾಖ ಟ್ಯಾಂಕು ಸೇರುತ್ತದೆ. ಈ 'ಮೂರು' ಎಂಬ ಅಂಕಿಯನ್ನೇ ಕಂಪನಿಯವರು ಸಿ.ಒ.ಪಿ. ಎಂದು ಚೀಟಿಯ ಮೇಲೆ ಬರೆಯುತ್ತಾರೆ. ಉಪಾಯವೂ ಹಳೆಯದೇ. ಆಸ್ಟ್ರಿಯಾದ ಎಬೆನ್ಸೀ ಎಂಬಲ್ಲಿ ಉಪ್ಪು ತಯಾರಿಸುವ ಕಾರ್ಖಾನೆಗಾಗಿ ಪೀಟರ್ ಫಾನ್ ರಿಟಿಂಗರ್ ಎಂಬ ಎಂಜಿನಿಯರ್ 1850ರ ದಶಕದಲ್ಲೇ ಇಂಥದೊಂದನ್ನು ಕಟ್ಟಿದ್ದ. ಜಪಾನಿನಲ್ಲಿ 2001ರಿಂದ ಮನೆಬಳಕೆಯ ನೀರಿಗೇ ಮೀಸಲಾದ ಹೀಟ್ ಪಂಪುಗಳು ಮಾರಾಟವಾಗುತ್ತಿವೆ.

ಸುತ್ತಲಿನ ಗಾಳಿ ಬಿಸಿಯಿದ್ದಷ್ಟೂ ಈ ಯಂತ್ರದ ಕೆಲಸ ಹಗುರ. ಆ ಲೆಕ್ಕದಲ್ಲಿ ಹಾವೇರಿ ಜಿಲ್ಲೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಿಮ ಬೀಳುವ ದೇಶಗಳಲ್ಲೇ ಓಡುವ ಯಂತ್ರಕ್ಕೆ ನಮ್ಮ ಡಿಸೆಂಬರ್ ಒಂದು ಚಳಿಯೇ ಅಲ್ಲ.

ಮೊದಲು ಬಕೆಟ್ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ವ್ಯಾಟ್-ಅವರ್ ಶಾಖ ಬೇಕು. ಯಾವ ಕಂಪನಿಯೂ ಈ ಅಂಕಿಯನ್ನು ಬದಲಿಸಲಾರದು. ಐದು ಜನರ ಮನೆ, ತಲೆಗೊಂದು ಇಪ್ಪತ್ತು ಲೀಟರಿನ ಬಕೆಟ್ ಎಂದುಕೊಳ್ಳಿ. ನೂರು ಲೀಟರ್ ನೀರು 24 ಡಿಗ್ರಿಯಿಂದ 42 ಡಿಗ್ರಿಗೆ ಏರಬೇಕು. ಅದಕ್ಕೆ 2.1 ಯೂನಿಟ್ ಶಾಖ. ಟ್ಯಾಂಕು, ಪೈಪುಗಳಲ್ಲಿ ಸೋರಿಹೋಗುವ ಶಾಖ ಸೇರಿಸಿದರೆ ಗೀಸರಿಗೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75. ಹೀಟ್ ಪಂಪಿನಲ್ಲಿ ತಿಂಗಳಿಗೆ 25 ಬರಬೇಕಿತ್ತು. ಆದರೆ ಅದರ ದೊಡ್ಡ ಟ್ಯಾಂಕು ಹಗಲೂ ರಾತ್ರಿ ಸುಮ್ಮನೆ ನಿಂತೇ ಸ್ವಲ್ಪ ಶಾಖ ಕಳೆದುಕೊಳ್ಳುತ್ತದೆ, ಆದ್ದರಿಂದ 35 ಎಂದು ಹಿಡಿಯುವುದು ಕ್ಷೇಮ. ಉಳಿತಾಯ 40 ಯೂನಿಟ್. ತೆರಿಗೆ, ಸರ್ಚಾರ್ಜು ಸೇರಿಸಿ ಯೂನಿಟ್ಟಿಗೆ ಏಳು ರೂಪಾಯಿ ಎಂದರೂ ತಿಂಗಳಿಗೆ 280 ರೂಪಾಯಿ, ವರ್ಷಕ್ಕೆ ಹೆಚ್ಚುಕಮ್ಮಿ 3,400.

ಒಳ್ಳೆಯ ಕಂಪನಿಯ ಇನ್ನೂರು ಲೀಟರಿನ ಹೀಟ್ ಪಂಪು, ಹಾಕಿಸುವ ಖರ್ಚು ಸೇರಿ, ಲಕ್ಷ ರೂಪಾಯಿಯ ಆಸುಪಾಸು ನಿಲ್ಲುತ್ತದೆ. ಗೀಸರಿನ ಬೆಲೆ ಹತ್ತು ಸಾವಿರ ಕಳೆದರೆ ಮೇಲಿನ ತೊಂಬತ್ತು ಸಾವಿರ ವಾಪಸು ಬರಲು 26 ವರ್ಷ. ಯಂತ್ರ ಬಾಳುವುದೋ ಚೆನ್ನಾಗಿ ನೋಡಿಕೊಂಡರೆ ಹತ್ತು-ಹದಿನೈದು ವರ್ಷ. ಸಾಮಾನ್ಯ ಮನೆಗೆ ಇದು ನಷ್ಟದ ವ್ಯಾಪಾರ. ಅಂಗಡಿಯವರು 'ಎರಡೇ ವರ್ಷದಾಗ ರೊಕ್ಕ ವಾಪಸ್ ಬರ್ತೈತ್ರಿ' ಎಂದರೆ ಅದು ಲೆಕ್ಕ ಅಲ್ಲ, ಕಾರ್ಣಿಕ. ದೇವರಗುಡ್ಡದಲ್ಲಿ ಮಹಾನವಮಿಯ ದಿನ ಬಿಲ್ಲೇರಿ ಭವಿಷ್ಯ ನುಡಿಯುವ ಗೊರವಯ್ಯನ ಕಾರ್ಣಿಕಕ್ಕೆ ಅರ್ಥ ಹೇಳಲು ಊರೆಲ್ಲ ಇದೆ. ಡೀಲರನ ಕಾರ್ಣಿಕಕ್ಕೆ ಅರ್ಥ ಹುಡುಕುವುದು ನಿಮ್ಮ ತಲೆಗೇ ಬೀಳುತ್ತದೆ.

ಹಾಗಂತ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಗೃಹಜ್ಯೋತಿ ಅದನ್ನು ತಿರುಗಿಸಿ ನಿಲ್ಲಿಸುತ್ತದೆ. 2023ರ ಜುಲೈಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂಬ ತಿಳಿವಳಿಕೆ ಇನ್ನೂ ಹಲವರಲ್ಲಿದೆ. ನಿಜವಾಗಿ ಪುಕ್ಕಟೆ ಸಿಗುವುದು ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲಿಷ್ಟು. ಅದನ್ನು ದಾಟಿ 200ರೊಳಗೆ ನಿಂತರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಈಗ ನಿಮ್ಮ ಮನೆಗೆ 150 ಯೂನಿಟ್ ಪುಕ್ಕಟೆ ಮಂಜೂರಾಗಿದೆ, ಬಳಕೆಯೂ ಅಷ್ಟೇ ಇದೆ ಎನ್ನಿ. ಗೀಸರು ಸೇರಿದರೆ 225. ಇಡೀ ಬಿಲ್ಲು ತಲೆಯ ಮೇಲೆ: ಸ್ಥಿರ ಶುಲ್ಕ ಬಿಟ್ಟೇ 1,575 ರೂಪಾಯಿ. ಹೀಟ್ ಪಂಪು ಸೇರಿದರೆ 185. ಕೊಡಬೇಕಾದ್ದು ಮೇಲಿನ 35 ಯೂನಿಟ್ಟಿನ 245 ರೂಪಾಯಿ. ವ್ಯತ್ಯಾಸ ತಿಂಗಳಿಗೆ 1,330. ಅದೇ ತೊಂಬತ್ತು ಸಾವಿರ ಆರು ವರ್ಷದೊಳಗೆ ವಾಪಸು. ಅಂದರೆ 200ರ ಗೆರೆಯ ಹತ್ತಿರ ಓಡಾಡುವ ಮನೆಗೆ ಹೀಟ್ ಪಂಪು ಬೇರೆಯದೇ ವಸ್ತು. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ತೆಗೆದು ಸಾಲಾಗಿ ಇಟ್ಟುಕೊಳ್ಳದೆ ಅಂಗಡಿಯ ಮೆಟ್ಟಿಲು ಹತ್ತಬೇಡಿ ಎನ್ನುವುದು ಇದಕ್ಕೇ. ಒಂದು ಎಚ್ಚರಿಕೆ: ಸರ್ಕಾರದ ಯೋಜನೆಯ ನಿಯಮ ಹತ್ತು ವರ್ಷ ಹೀಗೇ ಇರುತ್ತದೆ ಎಂದು ನಂಬಿ ಲಕ್ಷ ಸುರಿಯುವುದೂ ಜಾಣತನವಲ್ಲ.

ಇನ್ನು ಹಳ್ಳಿಯ ಬಚ್ಚಲು. ಗೋವಿನಜೋಳ ಬೆಳೆಯುವ ಜಿಲ್ಲೆ ಇದು; ಕಾಳು ಬಿಡಿಸಿದ ಮೇಲೆ ಬೆಂಡು ರಾಶಿ ಬೀಳುತ್ತದೆ, ಹತ್ತಿಕಟ್ಟಿಗೆ ಇರುತ್ತದೆ. ನೀರೊಲೆ, ಹಂಡೆ ಇನ್ನೂ ಉರಿಯುತ್ತಿರುವ ಮನೆಗೆ ಬಿಸಿನೀರಿನ ಖರ್ಚು ಸೊನ್ನೆ; ಹೊಗೆಯ ಖರ್ಚು ಮಾತ್ರ ಹೆಂಗಸರ ಕಣ್ಣು, ಎದೆಯ ಮೇಲೆ. ಆ ಹೊಗೆಯಿಂದ ಬಿಡುಗಡೆ ಬೇಕು ಎನ್ನುವವರಿಗೆ ನನ್ನ ಮೊದಲ ಸಲಹೆ ಸೋಲಾರ್ ವಾಟರ್ ಹೀಟರ್. ಆರ್‌.ಸಿ.ಸಿ. ಮನೆಯಿದ್ದು, ಮಾಳಿಗೆಯ ಮೇಲೆ ನೆರಳಿಲ್ಲದ ಜಾಗವಿದ್ದು, ನೀರಿನ ಟ್ಯಾಂಕನ್ನು ಸೋಲಾರ್ ಟ್ಯಾಂಕಿಗಿಂತ ಎತ್ತರಕ್ಕೆ ಕೂರಿಸಲು ಸಾಧ್ಯವಿದ್ದರೆ ಹೀಟ್ ಪಂಪಿನ ಕಾಲುಭಾಗದಷ್ಟು, ಹೆಚ್ಚೆಂದರೆ ಮೂರನೇ ಒಂದು ಭಾಗದಷ್ಟು ಹಣದಲ್ಲಿ ಕೆಲಸ ಮುಗಿಯುತ್ತದೆ. ಮಳೆಗಾಲದ ಮೋಡದ ದಿನಗಳಿಗೆ ಒಳಗೊಂದು ಕಾಯಿಲ್ ಇದ್ದರಾಯಿತು. ಗ್ಯಾಸ್ ಗೀಸರಿನ ಬಗ್ಗೆ ಒಂದೇ ಮಾತು: ಗಾಳಿಯಾಡದ ಬಚ್ಚಲಿನ ಒಳಗೆ ಬೇಡ, ಅದರ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ.

ಹಾಗಾದರೆ ಹೀಟ್ ಪಂಪು ಯಾರಿಗೆ? ಹೆಂಚು ಅಥವಾ ತಗಡಿನ ಮನೆಯವರಿಗೆ, ಮಾಳಿಗೆ ಬೇರೆಯವರ ಪಾಲಿನಲ್ಲಿರುವವರಿಗೆ, ಮಂಗಗಳು ಸೋಲಾರಿನ ಗಾಜಿನ ಕೊಳವೆ ಒಡೆಯುವುದರಿಂದ ಬೇಸತ್ತವರಿಗೆ, ಹತ್ತು-ಹನ್ನೆರಡು ಜನರ ಕೂಡುಕುಟುಂಬಕ್ಕೆ, ಈಗಾಗಲೇ ಗೀಸರಿನ ಬಿಲ್ಲಿನಲ್ಲಿ ನಲುಗುತ್ತಿರುವವರಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಹಾಸ್ಟೆಲ್, ಲಾಡ್ಜ್, ಆಸ್ಪತ್ರೆಗಳಿಗೆ. ಐವತ್ತು ಜನರ ಹಾಸ್ಟೆಲಿಗೆ ದಿನಕ್ಕೆ ಸಾವಿರ ಲೀಟರ್ ಬಿಸಿನೀರು ಬೇಕು. ಗೀಸರುಗಳಲ್ಲಿ ತಿಂಗಳಿಗೆ 750 ಯೂನಿಟ್, ಹೀಟ್ ಪಂಪಿನಲ್ಲಿ 300ರೊಳಗೆ. ಅಲ್ಲಿ ಯಂತ್ರ ದಿನವೂ ದುಡಿಯುತ್ತದೆ, ಹಾಕಿದ ಹಣ ಬೇಗ ಕೈಸೇರುತ್ತದೆ. ಕಲ್ಯಾಣ ಮಂಟಪದವರು ಮಾತ್ರ ಇನ್ನೊಮ್ಮೆ ಯೋಚಿಸಲಿ. ಆಷಾಢದಲ್ಲಿ, ಮೂಢದಲ್ಲಿ ತಿಂಗಳುಗಟ್ಟಲೆ ಮಲಗುವ ಯಂತ್ರಕ್ಕೆ ಅಷ್ಟು ಬಂಡವಾಳ ಸಲ್ಲದು.

ಎಷ್ಟು ಲೀಟರ್?

ಟ್ಯಾಂಕಿನ ನೀರು 55 ಡಿಗ್ರಿ ಇರುತ್ತದೆ, ಮೈಮೇಲೆ ಸುರಿದುಕೊಳ್ಳುವುದು 40ರ ನೀರು. ತಣ್ಣೀರು ಬೆರೆಸಿದಾಗ ಇನ್ನೂರು ಲೀಟರಿನ ಟ್ಯಾಂಕಿನಿಂದ ಸುಮಾರು 380 ಲೀಟರ್ ಜಳಕದ ನೀರಾಗುತ್ತದೆ. ಕೊನೆಯ ನೀರು ಆರುವುದನ್ನು ಕಳೆದರೂ ಹದಿನೈದು ಬಕೆಟ್ಟಿಗೆ ಮೋಸವಿಲ್ಲ. ಐದು ಜನರಿಗೆ ಈ ಇನ್ನೂರು ಲೀಟರಿನ ಟ್ಯಾಂಕು ಧಾರಾಳ ಸಾಕು. ದಸರೆಗೆ ದೇವರಗುಡ್ಡದ ಮಾಲತೇಶನ ದರ್ಶನಕ್ಕೆ ಬಂದು ಮನೆಯಲ್ಲಿ ಇಳಿದುಕೊಳ್ಳುವ ನೆಂಟರನ್ನೆಲ್ಲ ಎಣಿಸಿ ಮುನ್ನೂರು ಲೀಟರಿನದ್ದನ್ನು ತರಬೇಡಿ. ಆ ಎರಡು ದಿನಕ್ಕೆ ಹಂಡೆಯನ್ನೇ ಕೆಳಗಿಳಿಸಿದರಾಯಿತು. ಉಳಿದ ದಿನಗಳಲ್ಲಿ ದೊಡ್ಡ ಟ್ಯಾಂಕು ಸುಮ್ಮನೆ ಕಾದು ಸುಮ್ಮನೆ ಆರುತ್ತದೆ.

ಇನ್ನೊಂದು ತಿಳಿದಿರಬೇಕು. ಗೀಸರಿನ ಹಾಗೆ ಸ್ವಿಚ್ ಹಾಕಿ ಹತ್ತು ನಿಮಿಷಕ್ಕೆ ಬಚ್ಚಲಿಗೆ ಹೋಗುವ ಯಂತ್ರ ಇದಲ್ಲ. ತಣ್ಣನೆಯ ಟ್ಯಾಂಕು ಕಾಯಲು ಮೂರರಿಂದ ಐದು ತಾಸು ಬೇಕು. ಟೈಮರ್ ಇಟ್ಟು ಮಧ್ಯಾಹ್ನದ ಹೊತ್ತಿನಲ್ಲೇ ಓಡಿಸಿ. ಆಗ ಗಾಳಿ ಬಿಸಿ, ಯಂತ್ರಕ್ಕೆ ಶ್ರಮ ಕಮ್ಮಿ, ಸಂಜೆಯ ಹಾಗೆ ವೋಲ್ಟೇಜು ಕುಸಿದಿರುವುದಿಲ್ಲ. ಚೆನ್ನಾಗಿ ಕವಚ ಹೊದಿಸಿದ ಟ್ಯಾಂಕಿನಲ್ಲಿ ಮರುದಿನ ಬೆಳಿಗ್ಗೆಯವರೆಗೂ ಬಿಸಿ ನಿಲ್ಲುತ್ತದೆ. ಮನೆಯ ಮೇಲೆ ಸೋಲಾರ್ ಕರೆಂಟಿನ ಪ್ಯಾನೆಲ್ ಇದ್ದವರಿಗೆ ಇದು ಇನ್ನೂ ಅನುಕೂಲ. ಅಂದಹಾಗೆ, 2024ರ ಫೆಬ್ರುವರಿಯಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಬ್ಸಿಡಿ ಇರುವುದು ಪ್ಯಾನೆಲ್‌ಗಳಿಗೆ. 'ಹೀಟ್ ಪಂಪಿಗೂ ಅದರಾಗ ಕೊಡಿಸ್ತೀನ್ರಿ' ಎಂದು ಮುಂಗಡ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನೀರು, ಕರೆಂಟು, ಜಾಗ

ರಾಣೆಬೆನ್ನೂರು ಪೇಟೆಗೆ ತುಂಗಭದ್ರೆಯ ನೀರು ಬರುತ್ತದೆ. ಸುತ್ತಲ ಹಳ್ಳಿಗಳಲ್ಲಿ ಬೋರಿನ ನೀರೇ ಹೆಚ್ಚು, ಅದು ಗಡಸು. ಪಾತ್ರೆಯ ತಳದಲ್ಲಿ ಬಿಳಿಯ ಪರೆ ಕಟ್ಟುವುದು, ಸೋಪು ನೊರೆ ಬಾರದಿರುವುದು ಅದರ ಗುರುತು. ಕಿಸೆಯಲ್ಲಿಟ್ಟುಕೊಂಡು ಬರುವ ಟಿ.ಡಿ.ಎಸ್. ಮೀಟರನ್ನು ಲೋಟದಲ್ಲಿ ಅದ್ದಿ ತೀರ್ಪು ಹೇಳುವವರನ್ನು ನೆಚ್ಚಬೇಡಿ. ನೀರಿನಲ್ಲಿ ಕರಗಿದ್ದೆಲ್ಲ ಗಡಸುತನವಲ್ಲ. ಪ್ರಯೋಗಾಲಯದಲ್ಲಿ ಗಡಸುತನವನ್ನೇ ಬೇರೆಯಾಗಿ ಅಳೆಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ನಿಮ್ಮದು ಆರುನೂರರ ಹತ್ತಿರವಿದ್ದರೆ ಟ್ಯಾಂಕಿನ ಆಯ್ಕೆ ಬದಲಾಗುತ್ತದೆ.

ಒಳಗೋಡೆಗೆ ಗಾಜಿನ ಲೇಪವಿರುವ ಟ್ಯಾಂಕು, ಅದರೊಳಗೆ ಮೆಗ್ನೀಸಿಯಂ ಕಡ್ಡಿ: ನಮ್ಮ ಬೋರಿನ ನೀರಿಗೆ ಇದೇ ಸರಿ. ಆ ಕಡ್ಡಿ ತಾನು ಕರಗಿ ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ, ಕರಗಿ ಮುಗಿದ ದಿನದಿಂದ ಟ್ಯಾಂಕಿಗೆ ತುಕ್ಕು ಶುರು. ಗಡಸು ನೀರಿನಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ನೋಡಲೇಬೇಕು. ಸ್ಟೀಲ್ ಟ್ಯಾಂಕು ಗಟ್ಟಿ ಎನ್ನುತ್ತಾರೆ, ನಿಜ. ಆದರೆ ಉಪ್ಪಿನಂಶ ಹೆಚ್ಚಿರುವ ನೀರು ಸ್ಟೀಲಿನಲ್ಲೂ ಸಣ್ಣ ತೂತು ಕೊರೆಯುತ್ತದೆ. ಬಿಸಿಯನ್ನು 65ಕ್ಕೆ ಏರಿಸದೆ 50ರ ಸುಮಾರಿಗೆ ಇಟ್ಟರೆ ಪರೆಯೂ ಕಡಿಮೆ, ಕರೆಂಟೂ ಕಡಿಮೆ. ನಿಂತ ಬೆಚ್ಚನೆಯ ನೀರಿನಲ್ಲಿ ರೋಗಾಣು ಬೆಳೆಯದಂತೆ ವಾರಕ್ಕೊಮ್ಮೆ ಮಾತ್ರ 60 ದಾಟಿಸಿ.

ಕರೆಂಟಿನ ವಿಷಯದಲ್ಲಿ ಈ ಯಂತ್ರಕ್ಕೆ ಒಂದು ಮೆಚ್ಚುಗೆ ಸಲ್ಲಬೇಕು. ಗೀಸರು ಎರಡು ಕಿಲೋವ್ಯಾಟ್ ಎಳೆದರೆ ಮನೆಯ ಹೀಟ್ ಪಂಪು ಎಳೆಯುವುದು ಅರ್ಧದಿಂದ ಒಂದು ಕಿಲೋವ್ಯಾಟ್. ಹಳೆಯ ಮನೆಗಳಿಗೆ ಮಂಜೂರಾದ ಲೋಡೇ ಒಂದೆರಡು ಕಿಲೋವ್ಯಾಟ್ ಇರುತ್ತದೆ; ಲೋಡ್ ಹೆಚ್ಚಿಸಿದರೆ ಪ್ರತಿ ಕಿಲೋವ್ಯಾಟಿಗೂ ತಿಂಗಳ ಸ್ಥಿರ ಶುಲ್ಕ ಏರುತ್ತದೆ. ಆದರೆ ಒಳಗೊಂದು ಬ್ಯಾಕಪ್ ಕಾಯಿಲ್ ಇರುತ್ತದೆಂಬುದನ್ನು ಮರೆಯಬೇಡಿ. ಅದು ತಾನಾಗಿ ಆನ್ ಆಗುವಂತೆ ಇಟ್ಟು ಹೋದರೆ ನೀವು ಕೊಂಡದ್ದು ಲಕ್ಷ ರೂಪಾಯಿಯ ಗೀಸರು. ಕಂಪ್ರೆಸರಿಗೆ ಲೋ ವೋಲ್ಟೇಜ್ ಆಗಿಬರುವುದಿಲ್ಲ, ಹೀಗಾಗಿ ಸ್ಟೆಬಿಲೈಸರ್ ಬೇಕು. ಮೀಟರ್ ಬೋರ್ಡಿನಿಂದ ಪ್ರತ್ಯೇಕ ವೈರು, ಸರಿಯಾದ ಅರ್ಥಿಂಗ್ ಬೇಕು. ಹೊಲದ ನಡುವಿನ ತೋಟದ ಮನೆಗೆ ಪಂಪ್‌ಸೆಟ್ಟಿನ ಲೈನಿನಿಂದಲೇ ಕರೆಂಟು ಬರುತ್ತಿದ್ದರೆ ಈ ಯಂತ್ರದ ಆಸೆ ಬಿಡಿ. ಬಂದು ಹೋಗಿ ಮಾಡುವ ಕರೆಂಟಿನಲ್ಲಿ ಕಂಪ್ರೆಸರು ಬಾಳದು.

ಜಾಗ ಆರಿಸುವಾಗ ಗಾಳಿಯೇ ಇದರ ಮೇವು ಎಂದು ನೆನಪಿಡಿ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಇಟ್ಟರೆ ತಾನು ಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಎಳೆದುಕೊಂಡು ಸೊರಗುತ್ತದೆ. ಹಿತ್ತಿಲ ಕಟ್ಟೆ, ಪಡಸಾಲೆಯ ಮೂಲೆ, ಮೆಟ್ಟಿಲ ಕೆಳಗಿನ ತೆರೆದ ಜಾಗ ಒಳ್ಳೆಯದು. ಮೇಲೊಂದು ತಗಡು ಇರಲಿ. ಮಲಗುವ ಕೋಣೆಯ ಕಿಟಕಿಯ ಪಕ್ಕ ಬೇಡ, ಫ್ಯಾನಿನ ಸದ್ದು ರಾತ್ರಿ ಕೇಳುತ್ತದೆ. ನೀರು ತುಂಬಿದ ಇನ್ನೂರು ಲೀಟರಿನ ಯಂತ್ರ ಮೂರು ಕ್ವಿಂಟಲ್ ತೂಗುತ್ತದೆ, ಹಳೆಯ ಮಾಳಿಗೆಯ ಮೇಲೆ ಏರಿಸುವ ಮುಂಚೆ ಗೌಂಡಿಯನ್ನು ಕೇಳಿ. ಬಚ್ಚಲಿಗೆ ಹತ್ತಿರ ಇದ್ದಷ್ಟೂ ಲಾಭ: ಮುಕ್ಕಾಲಿಂಚಿನ ಪೈಪು ಹದಿನೈದು ಮೀಟರ್ ಉದ್ದವಿದ್ದರೆ ಪ್ರತಿ ಸಲ ನಲ್ಲಿ ತಿರುಗಿಸಿದಾಗ ನಾಲ್ಕೂವರೆ ಲೀಟರ್ ತಣ್ಣೀರು ಹರಿದ ಮೇಲೇ ಬಿಸಿನೀರು. ಮಳೆಗಾಲದಲ್ಲಿ ಯಂತ್ರದಿಂದ ಹನಿ ನೀರು ಬೀಳುತ್ತದೆ, ಅದನ್ನು ಸೋರಿಕೆ ಎಂದು ಗಾಬರಿಯಾಗದೆ ಒಂದು ಸಣ್ಣ ಪೈಪಿಟ್ಟು ಗಿಡಕ್ಕೆ ಬಿಡಿ.

ಹಾಕುವವರು ಯಾರು?

ಇಷ್ಟು ಹೊತ್ತು ಯಂತ್ರದ ಮಾತಾಯಿತು. ನನ್ನ ಕೇಳಿದರೆ ಬ್ರ್ಯಾಂಡಿಗಿಂತ ಮುಖ್ಯ ಈ ಪ್ರಶ್ನೆ. ಪೇಟೆಯಲ್ಲಿ ಸಿಗುವ ಹೆಸರಾಂತ ಕಂಪನಿಗಳ ಯಂತ್ರಗಳ ನಡುವೆ ವ್ಯತ್ಯಾಸ ಅಷ್ಟಕ್ಕಷ್ಟೆ. ಹಾಕುವ ಕೈಗಳ ನಡುವೆ ಇರುವ ವ್ಯತ್ಯಾಸ ದೊಡ್ಡದು.

ತೊಂದರೆ ಹುಟ್ಟುವುದೇ ಇಲ್ಲಿ: ಹೀಟ್ ಪಂಪು ಹಾಕುವುದೆಂದರೆ ಮೂರು ಕಸುಬು. ಪೈಪಿನದು ಪ್ಲಂಬರಿಗೆ, ವೈರಿನದು ಎಲೆಕ್ಟ್ರಿಷಿಯನ್ನಿಗೆ, ಗ್ಯಾಸು-ಕಂಪ್ರೆಸರಿನದು ಫ್ರಿಜ್-ಎ.ಸಿ. ಮೆಕ್ಯಾನಿಕನಿಗೆ. ಡೀಲರ್ ಸಾಮಾನು ಇಳಿಸಿ ಹೋಗುತ್ತಾನೆ, ಊರಿನ ಪ್ಲಂಬರ್ ಗೀಸರಿಗೆ ಕೊಟ್ಟಂತೆ ಪೈಪು ಕೊಡುತ್ತಾನೆ, ವೈರ್‌ಮನ್ ಇದ್ದ ಪ್ಲಗ್ಗಿಗೇ ಸಿಕ್ಕಿಸುತ್ತಾನೆ. ಆರು ತಿಂಗಳಿಗೆ ಕೆಟ್ಟಾಗ ಮೂವರೂ ಇನ್ನಿಬ್ಬರ ಕಡೆ ಬೆರಳು ತೋರಿಸುತ್ತಾರೆ. ಆದ್ದರಿಂದ ಮೊದಲ ಶರತ್ತು: ಮೂರು ಕೆಲಸಕ್ಕೂ ಒಬ್ಬನೇ ಹೊಣೆ, ಅದೂ ಬರಹದಲ್ಲಿ. ಆ ಒಬ್ಬ ಯಾರನ್ನು ಕರೆತಂದರೂ ಸರಿ, ದೂರು ಹೋಗುವುದು ಅವನಿಗೆ.

ರಾಣೆಬೆನ್ನೂರು ಹೆದ್ದಾರಿಯ ಮೇಲಿದೆ. ಒಂದು ಕಡೆ ದಾವಣಗೆರೆ, ಇನ್ನೊಂದು ಕಡೆ ಹಾವೇರಿ, ಅದರಾಚೆ ಹುಬ್ಬಳ್ಳಿ. ದೊಡ್ಡ ಊರಿನ ಡೀಲರು ಎರಡು ಸಾವಿರ ಕಡಿಮೆ ಹೇಳಿದ ಎಂದು ಹುಬ್ಬಳ್ಳಿಯಿಂದ ತರುವವರಿದ್ದಾರೆ. ಯಂತ್ರ ಕೆಟ್ಟಾಗ ಅಲ್ಲಿಂದ ದೇವರಗುಡ್ಡಕ್ಕೆ ಮನುಷ್ಯ ಬರಬೇಕು. 'ಕೆಟ್ಟರ ಯಾರು ಬರ್ತಾರ್ರಿ? ಎಲ್ಲಿಂದ ಬರ್ತಾರ? ಬಂದು ಹೋಗೂ ಖರ್ಚು ಯಾರದು?' ಕೊಳ್ಳುವ ಮುಂಚೆ ಕೇಳಬೇಕಾದ ಮೂರು ಪ್ರಶ್ನೆ ಇವೇ. 'ಅದನ್ನೆಲ್ಲ ಕಂಪನಿ ನೋಡ್ಕೋತೈತಿ ಬಿಡ್ರಿ' ಎಂಬುದು ಉತ್ತರವಲ್ಲ. ಕಂಪನಿಯ ಗ್ರಾಹಕ ಸೇವೆಗೆ ನೀವೇ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಹೀಟ್ ಪಂಪಿನ ಸರ್ವೀಸ್ ಇಲ್ಲಿಗೆ ಇದೆಯೇ ಎಂದು ಕೇಳಿ. ಗೀಸರಿನ ಸರ್ವೀಸ್ ಇದೆ ಎಂದ ಮಾತ್ರಕ್ಕೆ ಹೀಟ್ ಪಂಪಿನದೂ ಇದೆ ಎಂದಲ್ಲ. ಇಲ್ಲವೆಂದರೆ ಬ್ರ್ಯಾಂಡ್ ಎಷ್ಟೇ ದೊಡ್ಡದಿರಲಿ, ಬಿಡಿ.

ಕಂಪ್ರೆಸರ್ ಬಲ್ಲ ಕೈಗಳಿಗೆ ಮಾತ್ರ ಈ ಸೀಮೆಯಲ್ಲಿ ಬರವಿಲ್ಲ. ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳು ಅವರನ್ನು ಬೆಳೆಸಿವೆ, ಐ.ಟಿ.ಐ.ಯಲ್ಲಿ ಫ್ರಿಜ್-ಎ.ಸಿ. ಮೆಕ್ಯಾನಿಕ್ ತರಬೇತಿ ಮುಗಿಸಿದ ಹುಡುಗರೂ ಇದ್ದಾರೆ. ಆದರೆ ಕೋಲ್ಡ್ ಸ್ಟೋರೇಜಿನ ಅಮೋನಿಯಾ ಬೇರೆ, ಮನೆಯ ಯಂತ್ರದ ಗ್ಯಾಸು ಬೇರೆ. ನಿಮ್ಮ ಯಂತ್ರದಲ್ಲಿರುವುದು ಆರ್-134ಎ ಇರಬಹುದು, ಆರ್-32 ಇರಬಹುದು, ಆರ್-290 ಇರಬಹುದು. ಕೊನೆಯದು ಪ್ರೊಪೇನ್, ಬೆಂಕಿ ಹಿಡಿಯುವಂಥದ್ದು. ಒಲೆಯ ಹತ್ತಿರ ಇಡಬಾರದು. ಯಾವ ಗ್ಯಾಸು ಎಂದು ಕೇಳಿಕೊಂಡು, ಅದನ್ನು ತುಂಬಿ ಅಭ್ಯಾಸವಿರುವ ಮೆಕ್ಯಾನಿಕ್ ಹತ್ತಿರದಲ್ಲಿದ್ದಾನೆಯೇ ನೋಡಿ. ಆ ಮೆಕ್ಯಾನಿಕನನ್ನೇ ಮೊದಲು ಹುಡುಕಿ, ಅವನು ಹೇಳಿದ ಯಂತ್ರ ತಂದರೂ ತಪ್ಪಿಲ್ಲ.

ಮನೆ ನೋಡದೆ ಫೋನಿನಲ್ಲೇ ದರ ಹೇಳುವವನಿಗೆ ಕೈಮುಗಿಯಿರಿ. ಒಳ್ಳೆಯ ಕಂತ್ರಾಟುದಾರ ಬಂದವನೇ ಮನೆಯಲ್ಲಿ ಎಷ್ಟು ಜನ, ಬೆಳಿಗ್ಗೆ ಒಮ್ಮೆಗೇ ಜಳಕವೋ ದಿನವಿಡೀ ಹಂಚಿಕೊಂಡೋ ಎಂದು ಕೇಳುತ್ತಾನೆ. ನೀರಿನ ಟ್ಯಾಂಕಿನ ಎತ್ತರ ನೋಡುತ್ತಾನೆ, ಮೀಟರ್ ಬೋರ್ಡು ತೆರೆಯುತ್ತಾನೆ, ಬಚ್ಚಲಿಗೆ ಪೈಪಿನ ದೂರ ಅಳೆಯುತ್ತಾನೆ. 'ಇಷ್ಟೇ ಲೀಟರ್ ಬೇಕು ಅಂತ ಹೆಂಗ್ ಲೆಕ್ಕಾ ಹಾಕಿದ್ರಿ?' ಎಂದು ಕೇಳಿ ಸುಮ್ಮನಾಗಿ. ಮುಂದಿನ ಎರಡು ನಿಮಿಷದಲ್ಲಿ ಆಸಾಮಿ ಯಾರೆಂದು ತಿಳಿಯುತ್ತದೆ. ಅಮೆರಿಕದಲ್ಲಿರುವ ನಮ್ಮವರಿಗೂ ಇದೇ ಮಾತು. ಅಲ್ಲಿ ಹೀಟ್ ಪಂಪು ಇಡೀ ಮನೆ ಕಾಯಿಸಬೇಕು, ಸೋತರೆ ಹಿಮದಲ್ಲಿ ನಡುಗಬೇಕು. ಹಳೆಯ ಫರ್ನೇಸಿನ ಅಳತೆ ನೋಡಿ ಅಷ್ಟೇ ಟನ್ನಿನದ್ದು ಸಾಕು ಎನ್ನುವವನನ್ನು ಬಿಟ್ಟು, ಕೋಣೆ ಕೋಣೆಯ ಗೋಡೆ, ಕಿಟಕಿ ಅಳೆದು 'ಮ್ಯಾನುಯಲ್ ಜೆ' ಲೆಕ್ಕ ಹಾಕಿ ಕಾಗದದ ಮೇಲೆ ಕೊಡುವವನನ್ನು ಹಿಡಿಯಬೇಕು ಎಂಬುದು ಅಲ್ಲಿನ ಬಲ್ಲವರ ಸಲಹೆ.

ಅವನು ಹಿಂದೆ ಹಾಕಿದ ಮನೆಗಳನ್ನು ತೋರಿಸಲಿ. ಹೋದ ತಿಂಗಳು ಹಾಕಿದ್ದು ಬೇಡ, ಎರಡು ಮಳೆಗಾಲ ಕಂಡದ್ದು ಬೇಕು. ಆ ಮನೆಯ ಯಜಮಾನರಿಗಿಂತ ಮನೆಯಾಕೆಯನ್ನು ಕೇಳಿ. ಬಿಸಿನೀರು ಯಾವ ದಿನ ಬರಲಿಲ್ಲ, ಫೋನ್ ಮಾಡಿದರೆ ಎಷ್ಟು ದಿನಕ್ಕೆ ಬಂದ ಎಂಬ ಲೆಕ್ಕ ಅವರ ಬಾಯಲ್ಲೇ ಇರುತ್ತದೆ.

ಕೊಟೇಶನ್ ಎಂದರೆ ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದ ಒಂದು ಅಂಕಿಯಲ್ಲ. ಯಂತ್ರದ ಮಾಡೆಲ್ ನಂಬರು, ಸ್ಟೆಬಿಲೈಸರಿನ ಅಳತೆ, ವೈರಿನ ದಪ್ಪ, ಬಿಸಿನೀರಿಗೆ ಸಿ.ಪಿ.ವಿ.ಸಿ. ಪೈಪೇ ಎಂಬುದು, ಪೈಪಿನ ಮೇಲೆ ಹೊದಿಸುವ ಕವಚ, ಕಟ್ಟೆ ಕಟ್ಟುವ ಖರ್ಚು ಯಾರದು ಎಂಬುದು, ಜಿ.ಎಸ್.ಟಿ. ಸೇರಿದೆಯೋ ಬೇರೆಯೋ ಎಂಬುದು ಎಲ್ಲವೂ ಅದರಲ್ಲಿರಲಿ. ಮೂರು ಕೊಟೇಶನ್ ತರಿಸಿದರೆ ಅಗ್ಗದ್ದು ಯಾಕೆ ಅಗ್ಗ ಎಂಬುದು ಸಾಮಾನ್ಯವಾಗಿ ಈ ಸಣ್ಣ ಸಾಲುಗಳಲ್ಲೇ ಸಿಕ್ಕಿಬೀಳುತ್ತದೆ. ಸಿ.ಒ.ಪಿ. ನಾಲ್ಕು ಎಂದು ಬರೆದಿದ್ದರೆ ಎಷ್ಟು ಡಿಗ್ರಿ ಗಾಳಿಯಲ್ಲಿ, ನೀರನ್ನು ಎಷ್ಟಕ್ಕೆ ಕಾಯಿಸಿದಾಗ ಎಂದು ಕೇಳಿ. ಬಿಸಿ ಗಾಳಿ, ಉಗುರುಬೆಚ್ಚನೆಯ ನೀರು ಇಟ್ಟು ಅಳೆದರೆ ಯಾವ ಯಂತ್ರವೂ ಜಾಣ. ವಾರಂಟಿಯೂ ಒಂದಲ್ಲ, ಕಂಪ್ರೆಸರಿಗೊಂದು, ಟ್ಯಾಂಕಿಗೊಂದು, ಎಲೆಕ್ಟ್ರಾನಿಕ್ ಬೋರ್ಡಿಗೊಂದು. ಗಡಸು ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲವೆಂದು ಸಣ್ಣ ಅಕ್ಷರದಲ್ಲಿ ಬರೆದಿರುವುದುಂಟು, ಓದಿಕೊಳ್ಳಿ.

ಹಣವನ್ನೆಲ್ಲ ಮುಂಗಡ ಕೊಡಬೇಡಿ. ಹತ್ತಿಪ್ಪತ್ತು ಶೇಕಡಾ ಪರೀಕ್ಷೆಯಾಗುವವರೆಗೆ ಕೈಯಲ್ಲಿರಲಿ.

ಮೀಟರ್ ಸುಳ್ಳು ಹೇಳುವುದಿಲ್ಲ

ಯಂತ್ರವನ್ನು ಟೆಂಪೋದಲ್ಲಿ ಮಲಗಿಸಿ ತಂದಿದ್ದರೆ ನಿಲ್ಲಿಸಿದ ಕೂಡಲೇ ಸ್ವಿಚ್ ಹಾಕಗೊಡಬೇಡಿ. ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಕೈಪಿಡಿಯಲ್ಲಿ ಹೇಳಿದಷ್ಟು ತಾಸು ಬಿಡಬೇಕು. ಒತ್ತಡ ಹೆಚ್ಚಾದಾಗ ನೀರು ಬಿಡುವ ಸೇಫ್ಟಿ ವಾಲ್ವಿನ ಬಾಯಿ ತೆರೆದೇ ಇರಬೇಕು. 'ಹನಿ ಬೀಳ್ತೈತಿ' ಎಂದು ಅದಕ್ಕೆ ಬೂಚು ಹೊಡೆಯುವ ಪ್ಲಂಬರನನ್ನು ತಡೆಯಿರಿ, ಮುಚ್ಚಿದ ಟ್ಯಾಂಕು ಸಿಡಿಯುವುದು ಹಾಗೇ.

ನಂತರ ಪರೀಕ್ಷೆ. ಟ್ಯಾಂಕು ಪೂರ್ತಿ ತಣ್ಣೀರಿನಿಂದ ತುಂಬಿರಲಿ. ಮನೆಯ ಮೋಟರು, ಫ್ರಿಜ್ಜು, ಫ್ಯಾನು ಎಲ್ಲ ಆಫ್ ಮಾಡಿ, ಹೆಸ್ಕಾಂ ಮೀಟರಿನ ಅಂಕಿ ಬರೆದುಕೊಂಡು ಯಂತ್ರ ಚಾಲೂ ಮಾಡಿ. ಇನ್ನೂರು ಲೀಟರ್ ನೀರು 25 ಡಿಗ್ರಿ ಏರಿದಾಗ ಅದರೊಳಗೆ ಸೇರಿದ ಶಾಖ 5.8 ಯೂನಿಟ್. ಮೀಟರು ಎರಡು ಯೂನಿಟ್ಟಿನ ಆಸುಪಾಸು ಓಡಿದ್ದರೆ ಎಲ್ಲ ಸರಿ. ಐದಾರು ಓಡಿದ್ದರೆ ಒಳಗಿನ ಬ್ಯಾಕಪ್ ಕಾಯಿಲ್ ಕಾಯುತ್ತಿದೆ, ಇಲ್ಲವೇ ಗ್ಯಾಸು ಸೋರಿದೆ. ಈ ಪರೀಕ್ಷೆಯನ್ನು ಹಾಕಿದವನ ಎದುರಿಗೇ ಮಾಡಿ, ಅವನು ಚಹಾ ಕುಡಿಯುತ್ತ ಕೂರಲಿ. ಟ್ಯಾಂಕು ದೊಡ್ಡದಾದರೆ ಊಟವನ್ನೂ ಹಾಕಿ, ಬಾಕಿ ಹಣ ಆಮೇಲೆ.

ಮುಂದಿನ ದೇಖರೇಖಿ ದೊಡ್ಡದಲ್ಲ. ಗೋವಿನಜೋಳ ಒಕ್ಕುವ ಕಾಲದಲ್ಲಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ಗಾಳಿಯ ತುಂಬ ಧೂಳು. ಯಂತ್ರದ ಹಿಂಬದಿಯ ತೆಳು ತಗಡಿನ ಪದರಗಳಲ್ಲಿ ಅದು ಕೂತರೆ ಉಸಿರು ಕಟ್ಟಿದಂತೆ. ಮೆತ್ತನೆಯ ಬ್ರಷ್ಷಿನಿಂದ ನೀವೇ ಒರೆಸಬಹುದು. ಮೆಗ್ನೀಸಿಯಂ ಕಡ್ಡಿಯ ತಪಾಸಣೆಗೆ, ಟ್ಯಾಂಕಿನ ತಳದ ಕೆಸರು ಬಿಡುವುದಕ್ಕೆ ವರ್ಷಕ್ಕೊಮ್ಮೆ ಮೆಕ್ಯಾನಿಕ್ ಬೇಕು.

ಕೊಟ್ಟ ಮಾತಿನಂತೆ ಯಾರೂ ಬಾರದಿದ್ದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಜಿ.ಎಸ್.ಟಿ. ಬಿಲ್ಲು, ಯಂತ್ರದ ಸೀರಿಯಲ್ ನಂಬರು ಬರೆದ ವಾರಂಟಿ ಕಾರ್ಡು, ಸಹಿಯಿರುವ ಕೊಟೇಶನ್, ಪರೀಕ್ಷೆಯ ದಿನ ಬರೆದಿಟ್ಟ ಮೀಟರಿನ ಅಂಕಿ, ಈ ನಾಲ್ಕೂ ಒಂದೇ ಕವರಿನಲ್ಲಿರಲಿ. ಎರಡು ಸಾವಿರ ಕಡಿಮೆಯಾಗುತ್ತದೆಂದು ಬಿಲ್ಲಿಲ್ಲದೆ ತಂದವರಿಗೆ ಈ ದಾರಿ ಬಲು ಕಷ್ಟ.